ಹೆಪ್ಪಿನ ತಾರೀಖು

ಮಾರ್ಕರ್ ಒಣಗಿ ಹೋಗಿರಲಿ ಎಂದು ಬಯಸುತ್ತಲೇ ಅವಳು ಅದರ ಮುಚ್ಚಳ ತೆಗೆದಳು. ಅಂಗೈ ಮೇಲೊಂದು ಗೀಟು ಎಳೆದು ನೋಡಿದಳು. ಕಪ್ಪಗೆ, ತೇವವಾಗಿ ಮೂಡಿತು. ಬೆಳಗಿನ ಹನ್ನೊಂದು ಗಂಟೆಗೆ ಬಾರು ಬಾರಿನ ಹಾಗೆ ಕಾಣುವುದಿಲ್ಲ. ಕುರ್ಚಿಗಳು ಮೇಜುಗಳ ಮೇಲೆ ಕಾಲು ಮೇಲೆ ಮಾಡಿಕೊಂಡು ಬಿದ್ದಿದ್ದವು, ಒರೆಸಿದ ನೆಲ ಅಲ್ಲಲ್ಲಿ ಆರಿ ಅಲ್ಲಲ್ಲಿ ಹಸಿಯಾಗಿತ್ತು, ಹಿಂದಿನ ಕೋಣೆಯಿಂದ ಬೆಂದ ಬಾರ್ಲಿಯ ಸಿಹಿ ವಾಸನೆ ಬರುತ್ತಿತ್ತು. ಅವಳ ಮುಂದೆ ಬಿಳಿ ಟೇಪಿನ ಸುರುಳಿ, ಕತ್ತರಿ. ನಲವತ್ತು ಪಟ್ಟಿ ಕತ್ತರಿಸಿ ಒಂದೊಂದರ ಮೇಲೂ ಎರಡು ಸಾಲು ಬರೆಯಬೇಕು: ಏನು, ಯಾವಾಗಿನಿಂದ. ಅದು ಇಲ್ಲಿಯ ಕೆಲಸದ ಕ್ರಮ. ಬಿಯರಿನ ತೊಟ್ಟಿಯಿರಲಿ, ಬಕೆಟ್ಟಿರಲಿ, ಫ್ರಿಜ್ಜಿನಲ್ಲಿ ಉಳಿದ ಅರ್ಧ ಬಟ್ಟಲು ಸೂಪಿರಲಿ, ಒಳಗೇನಿದೆ, ಎಂದಿನಿಂದ ಇದೆ ಎಂದು ಟೇಪಿನ ಮೇಲೆ ಬರೆದು ಅಂಟಿಸಿರಬೇಕು. ತಾರೀಖಿಲ್ಲದ್ದನ್ನು ಗಂಡ ಮುಲಾಜಿಲ್ಲದೆ ಚರಂಡಿಗೆ ಸುರಿಯುತ್ತಿದ್ದ. ಒಮ್ಮೆ ಅವಳು ತನಗೆಂದು ಎತ್ತಿಟ್ಟುಕೊಂಡಿದ್ದ ಸೂಪನ್ನೂ ಸುರಿದು, ರಾತ್ರಿ ಹಸಿದು ಬಂದವಳಿಗೆ, ತಾರೀಖು ಇರಲಿಲ್ಲವಲ್ಲ ಎಂದಿದ್ದ. ಆಗ ಸಿಟ್ಟು ಬಂದಿತ್ತೇ? ಬಂದಿರಬೇಕು. ಮೊದಲನೆಯ ಸಾಲನ್ನು ಅವಳು ಹನ್ನೆರಡು ಪಟ್ಟಿಗಳ ಮೇಲೆ ಬರೆದಿದ್ದಳು. ಹೆಪ್ಪು, ಹೆಪ್ಪು, ಹೆಪ್ಪು. ಎರಡನೆಯ ಸಾಲಿನ ಜಾಗ ಹನ್ನೆರಡರಲ್ಲೂ ಖಾಲಿಯಿತ್ತು.

ಹೆಪ್ಪು ಎಂದು ಹೆಸರಿಟ್ಟವರು ಅತ್ತೆ. ಗಂಡ, ಅವನ ಪಾಲುದಾರ ಉದ್ದಣ್ಣ ಎಲ್ಲರೂ ಅದನ್ನು ಯೀಸ್ಟ್ ಎನ್ನುತ್ತಿದ್ದರು. ಹನ್ನೊಂದು ವರ್ಷದ ಹಿಂದೆ, ಇನ್ನೂ ಮದುವೆಯಾಗದ ಗಂಡ ಅಂಗಳದ ಪ್ಲಮ್ ಮರದ ಹಣ್ಣುಗಳ ಸಿಪ್ಪೆಯನ್ನು ಬಾರ್ಲಿಯ ನೀರಿನಲ್ಲಿ ನೆನೆಹಾಕಿ ಅದನ್ನು ಎಬ್ಬಿಸಿದ್ದ. ಅಲ್ಲಿಂದೀಚೆಗೆ ಪ್ರತಿ ಸಲದ ಬಿಯರಿನ ತಳದಿಂದ ಒಂದಿಷ್ಟು ತೆಗೆದು ಮುಂದಿನದಕ್ಕೆ ಹಾಕುತ್ತ, ನಡುವೆ ಒಂದು ಗಾಜಿನ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು ಸಾಕುತ್ತ ಬಂದಿದ್ದ. ಮೊಸರಿಗೆ ಹಾಕೋ ಹೆಪ್ಪಿನ ಥರಾನೇ ತಾನೆ, ಇದಕ್ಕೇನು ಅಷ್ಟು ದೊಡ್ಡ ಹೆಸರು ಎಂದು ಅತ್ತೆ ಒಂದು ದಿನ ಹೇಳಿದ್ದೇ ಬಾರಿಗೆ ಬರುವವರ ಬಾಯಿಗೂ ಹತ್ತಿತು. ಅತ್ತೆ ಬಿಯರು ಕುಡಿದವರಲ್ಲ. ಮಗ ಇರುವವರೆಗೆ ಈ ಬಾಗಿಲು ತುಳಿದದ್ದೇ ಮೂರೋ ನಾಲ್ಕೋ ಸಲ. ಈಗ ಪ್ರತಿ ಭಾನುವಾರ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು.

"ಅತ್ತಿಗೆ, ಪಟ್ಟಿ ಆಯ್ತಾ?" ಉದ್ದಣ್ಣ ಹಿಂದಿನ ಕೋಣೆಯ ಬಾಗಿಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ. ಆ ಬಾಗಿಲಿಗೆ ಅವನು ಹದಿನೈದು ವರ್ಷದಿಂದ ತಲೆ ತಗ್ಗಿಸುತ್ತಿದ್ದಾನೆ. ತಿಂಗಳಿಗೊಮ್ಮೆ ಆದರೂ ಮರೆತು ಹೊಡೆಸಿಕೊಳ್ಳುತ್ತಾನೆ.

"ತಾರೀಖು ಆಮೇಲೆ ಬರೀತೀನಿ."

"ಎಲ್ಲದಕ್ಕೂ ಒಂದೇ ತಾರೀಖು. ಅದರಲ್ಲೇನು ಆಮೇಲೆ?" ಅಂದು, ಉತ್ತರಕ್ಕೆ ಕಾಯದೆ ಒಳಗೆ ಹೋದ. ಸೂಪಿಗೆ ಕುಂಬಳಕಾಯಿ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.

ಭಾನುವಾರದ ಕೂಟಗಳನ್ನು ಶುರುಮಾಡಿದ್ದು ಗಂಡನೇ. ಒಂದು ಭಾನುವಾರ ಕೆಟ್ಟ ಇಸ್ತ್ರಿಪೆಟ್ಟಿಗೆ, ರೇಡಿಯೊ ತಂದು ರಿಪೇರಿ ಮಾಡಿಸಿಕೊಳ್ಳುವುದು, ಒಂದು ಭಾನುವಾರ ಮೇಷ್ಟ್ರ ರಸಪ್ರಶ್ನೆ, ಒಂದು ಭಾನುವಾರ ಸುತ್ತಲಿನ ಹಿತ್ತಲುಗಳಲ್ಲಿ ಬೆಳೆದದ್ದನ್ನೇ ಬೇಯಿಸಿ ಊಟ. ಬಿಯರು ನೆಪ ಕಣೆ, ಜನ ಒಂದು ಕಡೆ ಕೂತು ಉಣ್ಣಬೇಕು ಅಷ್ಟೆ ಎನ್ನುತ್ತಿದ್ದ. ಅವನು ಹೋದ ಮೇಲೆ ಎರಡು ತಿಂಗಳು ಏನೂ ನಡೆಯಲಿಲ್ಲ. ಆಮೇಲೆ ಬೀದಿಯವರೇ ಬಂದು ಶುರುಮಾಡಿದರು. ಈ ಭಾನುವಾರ ಹೆಪ್ಪು ಹಂಚುವ ಕೂಟ. ಆಲೋಚನೆ ಮೇಷ್ಟ್ರದು. ಮನೆಮನೆಯಲ್ಲಿ ಒಂದೊಂದು ಡಬ್ಬಿ ಇದ್ದರೆ, ಬ್ರೆಡ್ಡಿಗೋ ಮತ್ತೊಂದಕ್ಕೋ ಹಾಕಿಕೊಂಡರೆ, ಒಬ್ಬರ ಮನೆಯದು ಸತ್ತರೂ ಇನ್ನೊಬ್ಬರ ಮನೆಯಲ್ಲಿ ಬದುಕಿರುತ್ತದೆ ಎಂದು ಅವರು ಹೇಳಿದಾಗ ಬಾರಿನಲ್ಲಿದ್ದವರೆಲ್ಲ ಅವಳ ಕಡೆ ನೋಡಿದ್ದರು. ಅವಳು ತಲೆಯಾಡಿಸಿದ್ದಳು. ಬೇರೇನು ಮಾಡಬಹುದಿತ್ತು? ಹೊರಗಿನ ಕರಿಹಲಗೆಯ ಮೇಲೆ ಮೇಷ್ಟ್ರು ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು: ಹನ್ನೊಂದು ವರ್ಷದ ಹೆಪ್ಪು, ಒಂದು ಸೌಟು ಮನೆಗೆ ಒಯ್ಯಿರಿ, ಡಬ್ಬಿ ನೀವೇ ತನ್ನಿ.

ಅದು ಹನ್ನೊಂದು ವರ್ಷದ್ದಲ್ಲ. ಆರು ತಿಂಗಳದ್ದು. ಇದು ಗೊತ್ತಿರುವುದು ಜಗತ್ತಿನಲ್ಲಿ ಅವಳೊಬ್ಬಳಿಗೇ.

ಆರು ತಿಂಗಳ ಹಿಂದಿನ ಒಂದು ಸೋಮವಾರ ಬೆಳಿಗ್ಗೆ ತೊಟ್ಟಿಯ ಪಕ್ಕ ಕುಸಿದ ಗಂಡ ಮತ್ತೆ ಏಳಲಿಲ್ಲ. ಗುರುವಾರದ ಹೊತ್ತಿಗೆ ಬಾರಿನ ಮೇಲಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಂಟರು ಮೆಲುದನಿಯಲ್ಲಿ ಮಾತಾಡುತ್ತಿದ್ದರು, ಅವಳು ಬಂದರೆ ನಿಲ್ಲಿಸುತ್ತಿದ್ದರು, ಹೋದರೆ ಮುಂದುವರಿಸುತ್ತಿದ್ದರು. ಒಬ್ಬ ಚಿಕ್ಕಮ್ಮ ಬಂದು ಬಂದು ಅವಳ ತಲೆ ಸವರುತ್ತಿದ್ದಳು. ಕೈಯಲ್ಲಿ ಉಂಗುರವಿತ್ತು, ಪ್ರತಿ ಸಲವೂ ಒಂದೆರಡು ಕೂದಲು ಸಿಕ್ಕಿಕೊಂಡು ಕಿತ್ತುಬರುತ್ತಿದ್ದವು. ಮಧ್ಯಾಹ್ನ ಅವಳು ಕೆಳಗಿಳಿದು ತೊಳೆಯುವ ಕೋಣೆಯ ಬಾಗಿಲು ಹಾಕಿಕೊಂಡಳು. ಈ ಕಸುಬಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ತೊಳೆಯುವುದೇ, ಆ ಒಂಬತ್ತು ಪಾಲೂ ಅವಳದೇ. ಕೊಳವೆಗಳನ್ನು ತೊಳೆದಳು. ಬಕೆಟ್ಟುಗಳನ್ನು ತೊಳೆದಳು. ತೊಳೆದಿಟ್ಟಿದ್ದ ಗ್ಲಾಸುಗಳನ್ನು ಇಳಿಸಿ ಮತ್ತೆ ತೊಳೆದಳು. ಫ್ರಿಜ್ಜು ತೆರೆದು ಅದರೊಳಗಿನ ಪಾತ್ರೆಗಳನ್ನು ಒಂದೊಂದಾಗಿ ತೊಳೆದಳು. ಕಂದು ಬಣ್ಣದ ನೀರು ತೂತಿನಲ್ಲಿ ಸುತ್ತಿ ಇಳಿದು ಹೋಗುವುದನ್ನು ನೋಡುತ್ತ, ಕೆಟಲಿನ ಕುದಿನೀರನ್ನು ಡಬ್ಬಿಗೆ ಎರಡನೆಯ ಸಲ ಸುರಿಯುವಾಗ, ಕೈಯಲ್ಲಿರುವುದು ಯಾವ ಡಬ್ಬಿ ಎಂದು ತಿಳಿಯಿತು. ಆಮೇಲೆಯೇ ತಿಳಿದದ್ದು ಎಂದು ಅವಳು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದಾಳೆ. ಆದರೆ ತೊಳೆಯುವ ಮುಂಚೆ ಟೇಪಿನ ಪಟ್ಟಿ ಕೀಳಬೇಕು, ಇಲ್ಲದಿದ್ದರೆ ಅಂಟು ಗಾಜಿಗೆ ಹಿಡಿಯುತ್ತದೆ. ಆ ಪಟ್ಟಿಯನ್ನು ಅವಳು ಕಿತ್ತಿದ್ದಳು. ಕಿತ್ತು, ಹರಿಯದ ಹಾಗೆ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದ್ದಳು. ಅದರ ಮೇಲೆ ಗಂಡನ ಕೈಬರಹ, ಹನ್ನೊಂದು ವರ್ಷದ ಹಿಂದಿನ ತಾರೀಖು. ಪಟ್ಟಿ ಕೀಳುವವಳಿಗೆ ಅಕ್ಷರ ಕಾಣುವುದಿಲ್ಲವೇ?

ಅದಕ್ಕೂ ಮುಂಚಿನ ಚಳಿಗಾಲದಲ್ಲಿ ಅವಳಿಗೆ ನಾಲ್ಕು ದಿನ ಜ್ವರ ಬಂದಿತ್ತು. ಗಂಡ ಬೆಳಿಗ್ಗೆ ಎದ್ದು ಮೊದಲು ಕೆಳಗೆ ಹೋಗಿ ಡಬ್ಬಿಗೆ ಬಾರ್ಲಿ ನೀರು ಹಾಕಿ, ಅದನ್ನು ಮೂಸಿ ನೋಡಿ, ಆಮೇಲೆ ಅವಳಿಗೆ ಗಂಜಿ ತರುತ್ತಿದ್ದ. ಅದಕ್ಕೆ ಊಟ ಮೊದಲು, ನನಗೆ ಆಮೇಲೆ ಎಂದಿದ್ದಳು. ಅದು ಕೇಳೋಕೆ ಬಾಯಿಲ್ಲದ್ದು, ನಿನಗೆ ಬೇಕಾದಷ್ಟು ಇದೆ ಎಂದು ಅವನು ನಕ್ಕಿದ್ದ. ಅವಳೂ ನಕ್ಕಿದ್ದಳು. ಅಷ್ಟೇ ಆದದ್ದು. ಅಷ್ಟು ಸಣ್ಣದಕ್ಕೆ ಒಂದು ಕೈ ಸೇಡು ಇಟ್ಟುಕೊಳ್ಳುತ್ತದೆಯೇ? ಗುರುವಾರ ಅವಳು ಡಬ್ಬಿಯನ್ನು ಒರೆಸಿ, ಕಪಾಟಿನಲ್ಲಿ ತುರ್ತಿಗೆಂದು ಇಟ್ಟಿದ್ದ ಒಣ ಯೀಸ್ಟಿನ ಪೊಟ್ಟಣ ಹರಿದು ಹಾಕಿ, ಬಾರ್ಲಿಯ ನೀರು ಬೆರೆಸಿದಳು. ಗೋಡೆಯಿಂದ ಪಟ್ಟಿ ಬಿಡಿಸಿ ಡಬ್ಬಿಗೆ ಅಂಟಿಸಿದಳು. ಸರಿಯಾಗಿ ಮೊದಲಿದ್ದ ಜಾಗಕ್ಕೇ. ಹೆಬ್ಬೆರಳಿನಿಂದ ತೀಡಿದಳು. ತೊಳೆದದ್ದು ಮೈಮರೆವು ಎಂದೇ ಇಟ್ಟುಕೊಂಡರೂ ಇದಕ್ಕೆ ಯಾವ ಹೆಸರೂ ಸಿಗುತ್ತಿರಲಿಲ್ಲ.

ಆಮೇಲಿನ ಮೊದಲ ಬಿಯರು ಕುಡಿದು ಅಂಚೆಯವಳು, ಕಣ್ಣು ಮುಚ್ಕೊಂಡ್ರೆ ಅವರೇ ಇಲ್ಲಿ ಓಡಾಡ್ತಿದ್ದ ಹಾಗಿದೆ ಎಂದಿದ್ದಳು. ಆರು ತಿಂಗಳಿಂದ ಇಂಥ ಮಾತು ಕೇಳಿ ಕೇಳಿ ಅವಳ ಮುಖ ಒಂದು ನಗು ಕಲಿತುಬಿಟ್ಟಿತ್ತು. ಬೇಕೆಂದಾಗ ಬರುತ್ತಿತ್ತು, ಹೋಗು ಎಂದರೆ ಹೋಗುತ್ತಿರಲಿಲ್ಲ. ಈಚೆಗೆ ಬಿಯರು ಬೇಗ ತಿಳಿಯಾಗ್ತಿದೆ ಕಣ್ರೀ, ಮುಂಚೆ ಹತ್ತು ದಿನ ಹಿಡೀತಿತ್ತು ಎಂದು ಉದ್ದಣ್ಣ ಒಮ್ಮೆ ಗ್ಲಾಸು ಬೆಳಕಿಗೆ ಹಿಡಿದು ಹೇಳಿದಾಗ ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಅವನು ಬೇಸಿಗೆಯ ಮೇಲೆ ತಪ್ಪು ಹೊರಿಸಿ ಸುಮ್ಮನಾದ. ಅತ್ತೆ ಮಾತ್ರ ಪ್ರತಿ ಭಾನುವಾರ ಫ್ರಿಜ್ಜು ತೆರೆದು ಡಬ್ಬಿಯ ಮುಚ್ಚಳ ಎತ್ತಿ ಮೂಸುತ್ತಿದ್ದರು. ಅವನು ಚಿಕ್ಕವನಿದ್ದಾಗ ಆಡಿ ಬಂದರೆ ಕತ್ತಿನ ಹತ್ತಿರ ಹೀಗೇ ಇರ್ತಿತ್ತು ನೋಡು ಎಂದು ಒಂದು ಸಲ ಡಬ್ಬಿಯನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದರು. ಅವಳು ಮೂಸಿದ್ದಳು. ಹೌದು ಎಂದಿದ್ದಳು.

ಪಟ್ಟಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಅಂಟಿಸಿ ಅವಳು ಅಡುಗೆಯ ಕಡೆ ಹೋದಳು. ಉದ್ದಣ್ಣ ದೊಡ್ಡ ಪಾತ್ರೆಯಲ್ಲಿ ಸೂಪು ತಿರುವುತ್ತಿದ್ದ. ಬಿಯರು ತೆಗೆದು ಉಳಿದ ಬಾರ್ಲಿಯ ಚರಟ ಹಾಕಿ ಸುಟ್ಟ ಬ್ರೆಡ್ಡುಗಳು ಬಟ್ಟೆಯ ಕೆಳಗೆ ಆರುತ್ತಿದ್ದವು. ಪಕ್ಕದಲ್ಲಿ ಯಾರೋ ತಂದುಕೊಟ್ಟ ಜೇನಿನ ಸೀಸೆ, ಹಿಂದಿನ ಬೀದಿಯ ಆಡಿನ ಹಾಲಿನ ಚೀಸು. ಎಲ್ಲದರ ಮೇಲೂ ಟೇಪು. ಎಲ್ಲದರ ಮೇಲೂ ಏನು, ಯಾವಾಗಿನಿಂದ.

"ಉದ್ದಣ್ಣ, ಅದು ಅದೇ ಅಲ್ಲದಿದ್ದರೆ?"

"ಯಾವುದು?"

"ಹೆಪ್ಪು."

ಅವನು ಸೌಟು ನಿಲ್ಲಿಸಲಿಲ್ಲ. "ಅದೇ ಅಂದ್ರೆ ಏನು ಅತ್ತಿಗೆ? ಇವತ್ತಿರೋದು ಹೋದ ವಾರದ್ದಲ್ಲ. ಹೋದ ವಾರದ್ದು ಅದರ ಹಿಂದಿನದಲ್ಲ. ಹುಟ್ಟುತ್ತೆ, ಸಾಯುತ್ತೆ, ಹುಟ್ಟುತ್ತೆ. ಅವನೇ ಹೇಳ್ತಿದ್ನಲ್ಲ." ಉಪ್ಪು ನೋಡಿ, ಇನ್ನೊಂದು ಚಿಟಿಕೆ ಹಾಕಿದ. "ಇವತ್ತೊಂದು ದಿನ ಇದನ್ನೆಲ್ಲ ಯೋಚನೆ ಮಾಡಬೇಡಿ. ಅಮ್ಮ ಎಷ್ಟು ಖುಷಿಯಾಗಿದಾರೆ ನೋಡಿ."

ಅವನ ಸಮಾಧಾನ ಅವಳ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿತ್ತು. ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ನಾನು ಚೆಲ್ಲಿದೆ ಎನ್ನುವುದಕ್ಕೆ ಎರಡೇ ಶಬ್ದ. ಅವಳು ಬ್ರೆಡ್ಡಿನ ಮೇಲಿನ ಬಟ್ಟೆಯನ್ನು ಎತ್ತಿ, ಮತ್ತೆ ಹಾಗೇ ಮುಚ್ಚಿ ಹೊರಗೆ ಬಂದಳು.

ಎರಡು ಗಂಟೆಗೆ ಬಾರು ತುಂಬಿತ್ತು. ಎಲ್ಲರ ಕೈಯಲ್ಲೂ ಡಬ್ಬಿ. ಜಾಮಿನ ಸೀಸೆ, ಕಾಫಿಪುಡಿಯ ಡಬ್ಬ, ಯಾವುದೋ ಮಗುವಿನ ಹಾಲಿನ ಬಾಟಲಿ. ಜನ ನಿಂತುಕೊಂಡೇ ಸೂಪು ಕುಡಿಯುತ್ತ, ಬ್ರೆಡ್ಡು ಮುರಿಯುತ್ತ, ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಆಡಿಕೊಳ್ಳುತ್ತ ಗೋಡೆಯುದ್ದಕ್ಕೂ ಸಾಲು ಕಟ್ಟಿದ್ದರು. ಸಾಲಿನ ತುದಿಯಲ್ಲಿ ಎತ್ತರದ ಮೇಜು. ಮೇಜಿನ ಮೇಲೆ ಬೆಳಿಗ್ಗೆ ತೊಟ್ಟಿಯ ತಳದಿಂದ ಇಳಿಸಿದ ಹೆಪ್ಪಿನ ಬಕೆಟ್ಟು, ಕೆನೆಯಷ್ಟು ಮಂದ, ಅದೇ ಬಣ್ಣ. ಅತ್ತೆ ಸೌಟು ಹಿಡಿದು ನಿಂತಿದ್ದರು. ಅವರಿಗೆ ಮೇಜು ಎತ್ತರವಾಯಿತೆಂದು ಉದ್ದಣ್ಣ ಬಿಯರಿನ ಕ್ರೇಟೊಂದನ್ನು ಬೋರಲು ಹಾಕಿ ಮೇಲೆ ನಿಲ್ಲಿಸಿದ್ದ. ಅವಳು ಪಕ್ಕದಲ್ಲಿ ಪಟ್ಟಿ ಅಂಟಿಸಲು.

"ಮುಚ್ಚಳ ಬಿಗಿ ಹಾಕಬೇಡಿ, ಉಸಿರಾಡತ್ತೆ," ಅತ್ತೆ ಮೊದಲನೆಯ ಹೆಂಗಸಿಗೆ ಹೇಳುತ್ತಿದ್ದರು. "ವಾರಕ್ಕೊಂದು ಸಲ ಊಟ ಹಾಕಿ. ಊರಿಗೆ ಹೋದ್ರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ."

"ನನ್ನ ಗಂಡನಿಗೇ ಹಾಗೆ ಹೇಳಿ ಹೋಗಲ್ಲ ನಾನು," ಎಂದಳು ಆ ಹೆಂಗಸು. ಸಾಲು ನಕ್ಕಿತು. ಅತ್ತೆಯೂ ನಕ್ಕರು. ಆರು ತಿಂಗಳಲ್ಲಿ ಅವರು ಹಾಗೆ, ಹಲ್ಲು ಕಾಣುವಂತೆ ನಕ್ಕದ್ದನ್ನು ಅವಳು ನೋಡಿರಲಿಲ್ಲ. ಅವರ ಮುಂಗೈ ಮೇಲೆ ಹೆಪ್ಪಿನ ಒಂದು ಹನಿ ಬಿದ್ದಿತ್ತು. ಒರೆಸಿಕೊಳ್ಳಲಿಲ್ಲ.

ಮೊದಲ ಮೂರು ಡಬ್ಬಿಗಳಿಗೆ ಅವಳು ಒಂದೇ ಸಾಲಿನ ಪಟ್ಟಿ ಅಂಟಿಸಿದಳು. ಯಾರೂ ಗಮನಿಸಲಿಲ್ಲ. ಹೀಗೇ ನಲವತ್ತೂ ಮುಗಿದುಹೋಗುತ್ತದೇನೋ ಅನ್ನಿಸಿತು; ಬರೆಯದಿದ್ದದ್ದು ಸುಳ್ಳಾಗುವುದಿಲ್ಲ ಅನ್ನಿಸಿತು. ನಾಲ್ಕನೆಯವರು ಮೇಷ್ಟ್ರು. ಅವರು ತಮ್ಮ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕಣ್ಣು.

"ತಾರೀಖೆಲ್ಲಮ್ಮಾ?"

"ಎಲ್ಲರಿಗೂ ಗೊತ್ತಲ್ಲ, ಮೇಷ್ಟ್ರೇ."

"ಗೊತ್ತಿದ್ರೆ ಬರೀಬಾರದು ಅಂತೇನಿಲ್ಲ. ಅವನಾಗಿದ್ರೆ ಇದನ್ನ ಚರಂಡಿಗೆ ಸುರೀತಿದ್ದ." ಸೀಸೆಯನ್ನು ಅವಳ ಮುಂದೆ ಇಟ್ಟರು. "ಬರಿ. ಇಂಥ ದಿನದಿಂದ ಅಂತ ಬರಿ. ನಾಳೆ ನನ್ನ ಮೊಮ್ಮಗಳು ಕೇಳಿದ್ರೆ ತೋರಿಸಬೇಕು."

ಅವಳು ಮಾರ್ಕರ್ ತೆಗೆದುಕೊಂಡಳು. ಹಿಂದಿನವರೊಬ್ಬರು ಕೆಮ್ಮಿದರು. ಕಿಟಕಿಯ ಗಾಜಿನಲ್ಲಿ ಯಾರದೋ ಕೆಂಪು ಟೋಪಿ ಕಾಣಿಸಿ ಮರೆಯಾಯಿತು. ಬರೆಯಬೇಕಾದ್ದು ಎಂಟನೆಯ ತಿಂಗಳ ಇಪ್ಪತ್ತೆರಡು, ಹನ್ನೊಂದು ವರ್ಷದ ಹಿಂದಿನದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. ಅವಳ ಕೈ ಹದಿನಾಲ್ಕು ಎಂದು ಬರೆಯಿತು. ಮೂರು ಎಂದು ಬರೆಯಿತು. ಈ ವರ್ಷವನ್ನು ಬರೆಯಿತು. ಬರೆಯುವಾಗ ಭಯವಾಗಲಿಲ್ಲ, ದುಃಖವೂ ಆಗಲಿಲ್ಲ; ಬಹಳ ದಿನದ ಮೇಲೆ ಒಂದು ಲೆಕ್ಕದ ಉತ್ತರ ಸರಿಬಂದಂತೆ, ಅಷ್ಟೆ. ಮೇಷ್ಟ್ರು ಕನ್ನಡಕ ಹುಡುಕುತ್ತ ಜೇಬು ತಡವುತ್ತಿದ್ದರು. ಸೀಸೆಯನ್ನು ತೆಗೆದುಕೊಂಡದ್ದು ಅತ್ತೆ, ಅಂಚು ಒರೆಸಿ ಕೊಡೋಣವೆಂದು.

"ಇದೇನೇ," ಎಂದರು. "ತಪ್ಪು ಬರೆದಿದೀಯ."

"ತಪ್ಪಲ್ಲ, ಅತ್ತೆ."

ಅತ್ತೆ ಮತ್ತೆ ಓದಿದರು. ಹನ್ನೊಂದಕ್ಕೆ ಮೂರು ಕೂಡಿಸುವುದನ್ನು ಅವರ ತುಟಿ ಮಾಡುತ್ತಿರುವುದು ಅವಳಿಗೆ ಕಂಡಿತು. ಮಗ ಹೋದ ಆ ತಿಂಗಳ ಹನ್ನೊಂದನ್ನು ಅವರಿಗೆ ಯಾರೂ ನೆನಪಿಸಬೇಕಾಗಿರಲಿಲ್ಲ.

"ಅವನ ಡಬ್ಬಿದು?" ದನಿ ಇಬ್ಬರ ನಡುವೆ ಮಾತ್ರ ಇತ್ತು.

"ಚೆಲ್ಲಿದೆ. ತೊಳೀತಾ ತೊಳೀತಾ."

"ಪೂರ್ತಿ?"

"ಕುದಿಯೋ ನೀರು ಹಾಕಿ ತೊಳೆದೆ."

ಅತ್ತೆ ಬಕೆಟ್ಟಿನೊಳಗೆ ನೋಡಿದರು. ಸಣ್ಣ ಗುಳ್ಳೆಗಳು ಮೇಲೆ ಬಂದು ಒಡೆಯುತ್ತಿದ್ದವು. ಕ್ರೇಟಿನ ಮೇಲೆ ನಿಂತಿದ್ದರಿಂದ ಅವರ ಮುಖ ಎಲ್ಲರ ಮುಖಗಳಿಗಿಂತ ಮೇಲಿತ್ತು, ಬಾರಿನಲ್ಲಿದ್ದ ಪ್ರತಿಯೊಬ್ಬರಿಗೂ ಕಾಣುತ್ತಿತ್ತು. ಇಳಿಯುತ್ತಾರೆ ಎಂದುಕೊಂಡಳು. ಕೂಗುತ್ತಾರೆ ಎಂದುಕೊಂಡಳು. ಕೂಗಲಿ ಎಂದು ಆಸೆಪಟ್ಟಳು ಕೂಡ. ಎಲ್ಲರೆದುರು, ಗಟ್ಟಿಯಾಗಿ, ಒಂದೇ ಸಲಕ್ಕೆ. ತನ್ನ ಮೈ ಅದಕ್ಕೆ ಸಿದ್ಧವಾಗಿ ನಿಂತಿರುವುದು ಭುಜಗಳಲ್ಲಿ ತಿಳಿಯುತ್ತಿತ್ತು.

"ಯಾಕಮ್ಮಾ, ಏನಾಯ್ತು?" ಮೇಷ್ಟ್ರು ಕನ್ನಡಕ ಏರಿಸುತ್ತಿದ್ದರು. ಹಿಂದಿನಿಂದ ಅಂಚೆಯವಳು, "ಹನ್ನೊಂದು ವರ್ಷ ಅಲ್ವಾ, ದೊಡ್ಡಮ್ಮಾ? ನಾನು ಇಲ್ಲಿ ಕೆಲಸಕ್ಕೆ ಸೇರಿದ ವರ್ಷವೇ," ಎಂದಳು.

ಅತ್ತೆಯ ಹೆಬ್ಬೆರಳು ತಾರೀಖಿನ ಮೇಲೆ ಹೋಗಿ ಕೂತಿತು.

"ಹೂಂ," ಎಂದರು. "ಹನ್ನೊಂದು. ಕೈತಪ್ಪಿ ಇವತ್ತಿನದೇನೋ ಬರೆದುಬಿಟ್ಟಿದಾಳೆ. ಎರಡು ದಿನದಿಂದ ನಿದ್ದೆ ಇಲ್ಲ ಇವಳಿಗೆ." ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ, ಕಿತ್ತು, ಅಂಗೈಯಲ್ಲಿ ಉಂಡೆ ಮಾಡಿದರು. ಆಮೇಲೆ ಅವಳ ಕಡೆ ನೋಡದೆ, "ಬೇರೆ ಬರಿ," ಎಂದರು.

ಅವಳು ಬರೆಯಲಿಲ್ಲ.

"ಬರಿಯೇ. ಜನ ನಿಂತಿದಾರೆ." ಮತ್ತೆ, ಶಾಲೆಯ ಮಗುವಿಗೆ ಹೇಳಿ ಬರೆಸುವ ಹಾಗೆ, ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಇಪ್ಪತ್ತೆರಡು. ಎಂಟು. ವರ್ಷ.

ಅವಳು ಬರೆದಳು. ಮೇಷ್ಟ್ರು ಕನ್ನಡಕದಲ್ಲಿ ಓದಿ, ಸೀಸೆಯನ್ನು ಎದೆಗಾನಿಸಿಕೊಂಡು ಹೋದರು. ಅತ್ತೆ ಮುಂದಿನವರ ಡಬ್ಬಿ ತೆಗೆದುಕೊಂಡರು, ಸೌಟು ಮುಳುಗಿಸಿದರು, ಸುರಿದರು, ಅವಳ ಕಡೆ ಸರಿಸಿದರು. ಇಪ್ಪತ್ತೆರಡು, ಎಂಟು. ಈಗ ಅವರು ಉಸಿರಾಟದ ಮಾತು ಹೇಳುತ್ತಿರಲಿಲ್ಲ, ಊಟದ ಮಾತೂ ಇಲ್ಲ. ಯಾರೋ ಕೇಳಿದರೆ, ಫ್ರಿಜ್ಜಲ್ಲಿ ಇಡಿ ಎನ್ನುತ್ತಿದ್ದರು. ಮುಂಗೈ ಮೇಲಿನ ಹನಿ ಯಾವಾಗಲೋ ಒರೆಸಿ ಹೋಗಿತ್ತು. ಹೇಳಿದರೆ ಭಾರ ಇಳಿಯುತ್ತದೆ ಎಂದು ಆರು ತಿಂಗಳು ಅವಳು ನಂಬಿಕೊಂಡಿದ್ದಳು. ಇಳಿದಿರಲಿಲ್ಲ. ಕಣ್ಣೆದುರಿಗೇ ಇನ್ನೊಬ್ಬರು ಅದನ್ನು ಎತ್ತಿಕೊಂಡು, ಸೌಟು ಸೌಟಾಗಿ ಬೀದಿಗೆಲ್ಲ ಹಂಚುತ್ತಿದ್ದರು, ಅದಕ್ಕೆ ಅವಳು ತನ್ನ ದುಂಡಗಿನ ಅಕ್ಷರದಲ್ಲಿ ತಾರೀಖು ಬರೆದು ಕೊಡುತ್ತಿದ್ದಳು. ಹದಿನೇಳನೆಯದು. ಇಪ್ಪತ್ತಮೂರನೆಯದು. ನಡುವೆ ಉದ್ದಣ್ಣ ಬಂದು, ಅಮ್ಮ ಕೂತ್ಕೊಳ್ಳಿ ಸ್ವಲ್ಪ, ನಾನು ಹಾಕ್ತೀನಿ ಎಂದ. ಬೇಡ ಎಂದರು.

ನಾಲ್ಕೂವರೆಗೆ ಸಾಲು ಕರಗಿತು. ಜನ ಮೇಜುಗಳಿಗೆ ಹೋಗಿ ಕೂತರು, ಗ್ಲಾಸುಗಳ ಸದ್ದು, ಮಾತು ಏರಿತು, ಮೇಷ್ಟ್ರು ಯಾರ ಜೊತೆಯಲ್ಲೋ ವಾದಕ್ಕೆ ಇಳಿದಿದ್ದರು. ಅತ್ತೆ ಮೇಜು ಹಿಡಿದುಕೊಂಡು ಕ್ರೇಟಿನಿಂದ ಒಂದೊಂದೇ ಕಾಲು ಕೆಳಗಿಟ್ಟರು. ಅವಳು ಕೈ ಚಾಚಿದಳು. ಅವರು ಹಿಡಿಯಲಿಲ್ಲ, ತಳ್ಳಲೂ ಇಲ್ಲ. ಇಳಿದು, ಕೈಚೀಲದಿಂದ ತಮ್ಮ ಡಬ್ಬಿ ತೆಗೆದರು. ಬೆಳಿಗ್ಗೆ ಬಸ್ಸಿನಲ್ಲಿ ಬಟ್ಟೆ ಸುತ್ತಿ ತಂದದ್ದು. ಬಕೆಟ್ಟಿನ ತಳದಲ್ಲಿ ಒಂದು ಸೌಟಿಗೆ ಆಗುವಷ್ಟು ಉಳಿದಿತ್ತು. ಬಕೆಟ್ಟನ್ನು ಓರೆ ಮಾಡಿ ಕೆರೆದು ತುಂಬಿಕೊಂಡರು, ಮುಚ್ಚಳವನ್ನು ಸಡಿಲವಾಗಿ ತಿರುಗಿಸಿ, ಅವಳ ಮುಂದೆ ಇಟ್ಟರು.

"ನನ್ನದಕ್ಕೆ ನಿಜವಾದ್ದು ಬರಿ."

ಅವಳು ಹೊಸ ಪಟ್ಟಿ ಕತ್ತರಿಸಿದಳು. ಬರೆದಳು. ಅಂಟಿಸುವಾಗ ಪಟ್ಟಿ ಸೊಟ್ಟಗಾಯಿತು. ಅತ್ತೆ ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಹದಿನಾಲ್ಕು. ಗುರುವಾರ ಅದು."

"ಹೌದು."

"ಮಧ್ಯಾಹ್ನ."

"ಮಧ್ಯಾಹ್ನ."

ಅತ್ತೆ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತತೊಡಗಿದರು. ಒಂದು ಸುತ್ತು ಸುತ್ತಿ ನಿಂತರು.

"ನಾನು ಮೇಲೇ ಇದ್ದೆ," ಎಂದರು. "ಎದ್ದೇ ಇದ್ದೆ. ಕರೀಬಹುದಿತ್ತು."